ಸೈತಾನನ ಕೈ ಕುಲುಕಿದವರು

ಪುಸ್ತಕವೊಂದರ ಹೆಸರಿನೊಡನೆ ಜಗಳ ತೆಗೆಯುವುದು ವಿಮರ್ಶಕನಿಗೆ ಶೋಭೆಯಲ್ಲ ಎನ್ನುವವರುಂಟು. ಆದರೆ ಕೆಲವು ಪುಸ್ತಕಗಳ ಹೆಸರು ಅವುಗಳ ಪುಟಗಳಿಗಿಂತ ಹೆಚ್ಚು ದೂರ ಸಂಚರಿಸುತ್ತದೆ. ಓದದವರ ನಾಲಗೆಯ ಮೇಲೂ ನೆಲೆಸುತ್ತದೆ. ಕೆನಡಾ ಸೇನೆಯ ನಿವೃತ್ತ ಲೆಫ್ಟಿನೆಂಟ್ ಜನರಲ್ ರೋಮಿಯೋ ಡಲೇರ್ ಅವರು 2003ರಲ್ಲಿ ಪ್ರಕಟಿಸಿದ 'ಶೇಕ್ ಹ್ಯಾಂಡ್ಸ್ ವಿತ್ ದ ಡೆವಿಲ್' ಅಂತಹ ಒಂದು ಕೃತಿ. ಸೈತಾನನೊಡನೆ ಹಸ್ತಲಾಘವ ಎಂದು ನಾವು ಇದನ್ನು ಕರೆಯಬಹುದು.

1994ರ ಏಪ್ರಿಲ್‌ನಿಂದ ಜುಲೈವರೆಗಿನ ಸುಮಾರು ನೂರು ದಿನಗಳಲ್ಲಿ, ಮಧ್ಯ ಆಫ್ರಿಕಾದ ಪುಟ್ಟ ದೇಶವಾದ ರುವಾಂಡಾದಲ್ಲಿ ಎಂಟು ಲಕ್ಷದಷ್ಟು ಜನರನ್ನು ಕೊಲ್ಲಲಾಯಿತು. ರುವಾಂಡಾ ಸರ್ಕಾರದ ಎಣಿಕೆಯಲ್ಲಿ ಈ ಸಂಖ್ಯೆ 10 ಲಕ್ಷವನ್ನೂ ಮೀರುತ್ತದೆ. ಹತರಾದವರಲ್ಲಿ ಬಹುಪಾಲು ಟುಟ್ಸಿಗಳು; ಕೊಲೆಗೆ ಒಪ್ಪದ ಹುಟುಗಳೂ ಅವರೊಂದಿಗೆ ಸತ್ತರು. ಆಗ ಅಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರೇ ಡಲೇರ್. ಜಗತ್ತಿನ ಯಾವುದೋ ಮೂಲೆಯಲ್ಲಿ ಹತ್ಯೆಗಳಾದಾಗಲೆಲ್ಲ ವಿಶ್ವಸಂಸ್ಥೆ ಏನು ಮಾಡುತ್ತಿದೆ ಎಂದು ಬೆಳಗಿನ ಪತ್ರಿಕೆ ಹಿಡಿದು ನಾವು ಕೇಳುತ್ತೇವಲ್ಲ, ಆ ಪ್ರಶ್ನೆಗೆ ನಾನು ಓದಿದವುಗಳಲ್ಲಿ ಅತ್ಯಂತ ಪ್ರಾಮಾಣಿಕವಾದ ಉತ್ತರ ಈ ಪುಸ್ತಕದಲ್ಲಿದೆ. ಇಪ್ಪತ್ತು ವರ್ಷ ದಾಟಿದ ಕೃತಿಯನ್ನು ಈಗ ನಿಮ್ಮ ಮುಂದಿಡಲು ಅದೇ ಕಾರಣ.

ಹೆಸರಿನ ಹಿನ್ನೆಲೆಯನ್ನು ಲೇಖಕರು ಮುನ್ನುಡಿಯಲ್ಲೇ ತಿಳಿಸುತ್ತಾರೆ. ಇಷ್ಟೆಲ್ಲ ಕಂಡ ಮೇಲೂ ದೇವರಲ್ಲಿ ವಿಶ್ವಾಸ ಉಳಿದಿದೆಯೇ ಎಂದು ಸೇನೆಯ ಗುರುಗಳೊಬ್ಬರು ಅವರನ್ನು ಕೇಳಿದರಂತೆ. ರುವಾಂಡಾದಲ್ಲಿ ಸೈತಾನನ ಕೈ ಕುಲುಕಿದ್ದೇನೆ, ಅವನಿರುವುದು ನಿಜವಾದ ಮೇಲೆ ದೇವರೂ ಇದ್ದಾನೆ ಎಂಬುದು ಅವರ ಉತ್ತರದ ತಾತ್ಪರ್ಯ. ಮಾತು ಗಾಢವಾಗಿದೆ, ನಿಜ. ಗುರುಮಠದಲ್ಲಿ ದೈವಶಾಸ್ತ್ರ ಕಲಿತ ನಾನು ಸೈತಾನನಿಲ್ಲ ಎಂದು ವಾದಿಸಲಾರೆ. ನನ್ನ ತಕರಾರು ಬೇರೆ. ಪುಸ್ತಕದ ಐನೂರಕ್ಕೂ ಹೆಚ್ಚು ಪುಟಗಳು ಪುಸ್ತಕದ ಹೆಸರನ್ನು ಅಲ್ಲಗಳೆಯುತ್ತವೆ. ಅಲ್ಲಿ ನಮಗೆ ಎದುರಾಗುವುದು ಕೊಂಬು ಬಾಲಗಳಿಲ್ಲದ, ಕಚೇರಿಗೆ ಹೋಗಿ ಬರುವ ಮನುಷ್ಯರು.

ಪುಸ್ತಕದ ಶಕ್ತಿಯಿರುವುದು ಆ ವಿವರಗಳಲ್ಲಿ. 1993ರ ಅಕ್ಟೋಬರ್ 3ರಂದು ಸೊಮಾಲಿಯಾದ ಮೊಗದಿಶುವಿನಲ್ಲಿ ನಡೆದ ಕಾಳಗದಲ್ಲಿ ಅಮೆರಿಕದ 18 ಸೈನಿಕರು ಸತ್ತರು. ಅದಾಗಿ ಎರಡೇ ದಿನಕ್ಕೆ, ಅಕ್ಟೋಬರ್ 5ರಂದು, ಭದ್ರತಾ ಮಂಡಳಿ ರುವಾಂಡಾಕ್ಕೆ ಪಡೆ ಕಳುಹಿಸುವ ನಿರ್ಣಯ ಮಾಡಿತು. ಹುಟ್ಟುವಾಗಲೇ ಆ ಪಡೆಗೆ ಅನಾಥಭಾಗ್ಯ. ಸುಮಾರು 2,500 ಸೈನಿಕರು ಎಂದು ಕಾಗದದ ಮೇಲೆ ಬರೆದದ್ದಾಯಿತು. ಡಲೇರ್‌ಗೆ ಸಿಕ್ಕಿದ್ದಾದರೋ ಕೆಟ್ಟು ನಿಂತ ವಾಹನಗಳು, ಓದಲು ಯಾರಿಗೂ ಬಾರದ ರಷ್ಯನ್ ಭಾಷೆಯ ಕೈಪಿಡಿಗಳು, ಕೆಲವೇ ದಿನಗಳಿಗೆ ಸಾಲುವಷ್ಟು ನೀರು ಮತ್ತು ಇಂಧನ. ಕಾಗದ, ಪೆನ್ಸಿಲ್‌ಗಳಿಗಾಗಿ ಆಡಳಿತ ವಿಭಾಗದೊಡನೆ ಒಬ್ಬ ಸೇನಾಪತಿ ಗುದ್ದಾಡುವ ಪುಟಗಳನ್ನು ಓದುವಾಗ ನಗು ಬರುತ್ತದೆ. ಮುಂದೆ ಏನಾಗಲಿದೆ ಎಂಬುದು ನೆನಪಾದೊಡನೆ ಆ ನಗು ಗಂಟಲಲ್ಲೇ ನಿಲ್ಲುತ್ತದೆ.

ಇನ್ನು 1994ರ ಜನವರಿ 11ರ ತಂತಿಸಂದೇಶದ ಪ್ರಸಂಗ. ಹಂತಕ ಪಡೆಗಳಿಗೆ ತರಬೇತಿ ಕೊಡುತ್ತಿದ್ದವನೊಬ್ಬ ಡಲೇರ್ ಅವರ ಸಿಬ್ಬಂದಿಗೆ ಗುಟ್ಟೊಂದನ್ನು ಹೇಳಿದ. ರಾಜಧಾನಿ ಕಿಗಾಲಿಯ ಟುಟ್ಸಿಗಳ ಹೆಸರುಗಳ ಪಟ್ಟಿ ಸಿದ್ಧವಾಗುತ್ತಿದೆ, ತನ್ನ ಜನ ಇಪ್ಪತ್ತು ನಿಮಿಷದಲ್ಲಿ ಸಾವಿರ ಮಂದಿಯನ್ನು ಕೊಲ್ಲಬಲ್ಲರು, ಶಸ್ತ್ರಗಳ ಗುಪ್ತ ದಾಸ್ತಾನನ್ನು ತೋರಿಸಬಲ್ಲೆ, ಬದಲಿಗೆ ತನಗೂ ಕುಟುಂಬಕ್ಕೂ ರಕ್ಷಣೆ ಬೇಕು ಎಂದ. ಮೂವತ್ತಾರು ಗಂಟೆಗಳೊಳಗೆ ಆ ದಾಸ್ತಾನನ್ನು ವಶಪಡಿಸಿಕೊಳ್ಳುತ್ತೇನೆ ಎಂದು ಡಲೇರ್ ನ್ಯೂಯಾರ್ಕಿಗೆ ತಿಳಿಸಿದರು. ಆಗ ಕೋಫಿ ಅನ್ನಾನ್ ಮುಖ್ಯಸ್ಥರಾಗಿದ್ದ ಶಾಂತಿಪಾಲನಾ ಇಲಾಖೆಯಿಂದ ಉತ್ತರ ಬಂತು: ಇದು ನಿಮ್ಮ ಅಧಿಕಾರವ್ಯಾಪ್ತಿಗೆ ಮೀರಿದ್ದು, ವಿಷಯವನ್ನು ರುವಾಂಡಾದ ಅಧ್ಯಕ್ಷರಿಗೂ ಕೆಲವು ರಾಯಭಾರಿಗಳಿಗೂ ತಿಳಿಸಿ. ಓದುಗರೇ, ಸ್ವಲ್ಪ ಯೋಚಿಸಿ. ಯಾರ ಆಪ್ತರು ಸಂಚು ಹೂಡಿದ್ದಾರೋ ಅವರಿಗೇ ಸಂಚಿನ ಸುದ್ದಿ ಮುಟ್ಟಿಸಬೇಕು ಎಂಬ ಆಜ್ಞೆಯದು. ಅದನ್ನು ಬರೆದವರು ದುಷ್ಟರಲ್ಲ. ಸೊಮಾಲಿಯಾ ಮರುಕಳಿಸಬಾರದೆಂಬ ಕಾಳಜಿಯುಳ್ಳ, ನಿಯಮ ಬಲ್ಲ ಅಧಿಕಾರಿಗಳು. ಸೈತಾನನನ್ನು ಇಲ್ಲಿ ಎಲ್ಲಿ ಹುಡುಕುವುದು?

ಏಪ್ರಿಲ್ 6ರ ರಾತ್ರಿ ಅಧ್ಯಕ್ಷ ಹಬ್ಯಾರಿಮಾನಾ ಅವರ ವಿಮಾನವನ್ನು ಹೊಡೆದುರುಳಿಸಲಾಯಿತು. ಮರುದಿನ ಪ್ರಧಾನಿ ಅಗಾಥೆ ಉವಿಲಿಂಗಿಯಿಮಾನಾ ಅವರನ್ನೂ ಅವರ ಕಾವಲಿಗೆ ಹೋಗಿದ್ದ ಬೆಲ್ಜಿಯಂನ ಹತ್ತು ಸೈನಿಕರನ್ನೂ ಕೊಂದರು. ಬೆಲ್ಜಿಯಂ ತನ್ನ ಪಡೆಯನ್ನು ಹಿಂದಕ್ಕೆ ಕರೆಸಿಕೊಂಡಿತು. ಅದರ ಫಲವೇನೆಂದು ತಿಳಿಯಲು ಒಂದು ಸ್ಥಳವನ್ನಷ್ಟೇ ನೋಡಿದರೆ ಸಾಕು. ಕಿಗಾಲಿಯಲ್ಲಿ ಸಲೇಶಿಯನ್ ಗುರುಗಳ, ಅಂದರೆ ನಮಗೆಲ್ಲ ಪರಿಚಿತರಾದ ಡಾನ್ ಬಾಸ್ಕೋ ಸಭೆಯವರ, ತಾಂತ್ರಿಕ ಶಾಲೆಯೊಂದಿತ್ತು. ಬೆಲ್ಜಿಯಂ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಸುಮಾರು ಎರಡು ಸಾವಿರ ಜನ ಅಲ್ಲಿಗೆ ಓಡಿಬಂದು ಆಶ್ರಯ ಪಡೆದಿದ್ದರು. ಏಪ್ರಿಲ್ 11ರಂದು ಸೈನಿಕರು ವಾಹನ ಹತ್ತಿದರು. ಗೇಟಿನ ಹೊರಗೆ ಮಚ್ಚು ಹಿಡಿದವರು ಕಾದಿದ್ದರು. ಅಂದೇ ಆ ಜನರಲ್ಲಿ ಬಹುತೇಕ ಎಲ್ಲರೂ ಹತರಾದರು. ಅದೇ ವಾರ ಸುಸಜ್ಜಿತ ಫ್ರೆಂಚ್ ಮತ್ತು ಬೆಲ್ಜಿಯಂ ತುಕಡಿಗಳು ಕಿಗಾಲಿಗೆ ಬಂದಿಳಿದಿದ್ದವು. ತಮ್ಮ ದೇಶದವರನ್ನೂ ಇತರ ವಿದೇಶಿಯರನ್ನೂ ಕರೆದುಕೊಂಡು ಹೊರಟುಹೋದವು.

ಏಪ್ರಿಲ್ 21ರಂದು ಭದ್ರತಾ ಮಂಡಳಿಯು ಪಡೆಯನ್ನು 270ಕ್ಕೆ ಇಳಿಸಲು ನಿರ್ಣಯಿಸಿತು. ಕೊಲೆಗಾರ ಸರ್ಕಾರದ ಪ್ರತಿನಿಧಿ ಆ ವರ್ಷ ಮಂಡಳಿಯ ಸದಸ್ಯನಾಗಿ ಅದೇ ಮೇಜಿನ ಸುತ್ತ ಕುಳಿತಿದ್ದ ಎಂಬುದನ್ನು ನೆನಪಿಡಬೇಕು. ಏಪ್ರಿಲ್ 30ರ ಮಂಡಳಿಯ ಹೇಳಿಕೆಯು 1948ರ ಒಡಂಬಡಿಕೆಯಲ್ಲಿರುವ ಜನಾಂಗಹತ್ಯೆಯ ಲಕ್ಷಣಗಳನ್ನು ಹೇಳಿತೇ ಹೊರತು ಆ ಪದವನ್ನು ಮಾತ್ರ ಬಳಸಲಿಲ್ಲ. ಬಳಸಿದರೆ ಏನಾದರೂ ಮಾಡಬೇಕಾದೀತು ಎಂಬ ಅಳುಕು. ಹತ್ಯೆಗೆ ಪ್ರಚೋದಿಸುತ್ತಿದ್ದ ರೇಡಿಯೋ ಕೇಂದ್ರದ ಪ್ರಸಾರಕ್ಕೆ ಆಕಾಶದಿಂದ ತಡೆಯೊಡ್ಡಬಹುದೇ ಎಂಬ ಪ್ರಶ್ನೆ ಅಮೆರಿಕದಲ್ಲಿ ಎದ್ದಾಗ, ಅಂತಹ ವಿಮಾನದ ಹಾರಾಟಕ್ಕೆ ಗಂಟೆಗೆ 8,500 ಡಾಲರ್ ಖರ್ಚಾಗುತ್ತದೆಂದು ರಕ್ಷಣಾ ಇಲಾಖೆ ಲೆಕ್ಕ ಕೊಟ್ಟಿತು. ಮೇ ತಿಂಗಳಲ್ಲಿ ಮಂಡಳಿ ಮನಸ್ಸು ಬದಲಿಸಿ 5,500 ಸೈನಿಕರಿಗೆ ಒಪ್ಪಿಗೆಯಿತ್ತಿತು. ಆದರೆ ಕವಚ ವಾಹನಗಳ ಬಾಡಿಗೆ ಕರಾರನ್ನು ಚರ್ಚಿಸುವುದರಲ್ಲೇ ವಾರಗಳು ಕಳೆದವು.

ಇದನ್ನೆಲ್ಲ ದಾಖಲಿಸಿದ ಲೇಖಕರು ಮೇ ತಿಂಗಳ ಒಂದು ದಿನ ಹಂತಕ ಪಡೆಯ ಮುಖಂಡರನ್ನು ಭೇಟಿಯಾದದ್ದನ್ನು ವರ್ಣಿಸುತ್ತಾರೆ. ಸಿಕ್ಕಿಬಿದ್ದ ಜನರನ್ನು ಸಾಗಿಸಲು ಅವರ ಒಪ್ಪಿಗೆ ಬೇಕಿತ್ತು. ಸಿಟ್ಟಿನ ಭರದಲ್ಲಿ ಎಲ್ಲಿ ಗುಂಡು ಹಾರಿಸಿಬಿಡುವೆನೋ ಎಂದು ಡಲೇರ್ ಪಿಸ್ತೂಲಿನ ಗುಂಡುಗಳನ್ನು ತೆಗೆದಿಟ್ಟು ಹೋದರು, ಕೈ ಕುಲುಕಿದರು, ಒಬ್ಬನ ಮೈಮೇಲೆ ಒಣಗಿದ ರಕ್ತದ ಕಲೆಯನ್ನು ಕಂಡರು. ಪುಸ್ತಕಕ್ಕೆ ಹೆಸರು ಕೊಟ್ಟ ಕ್ಷಣವಿದು. ಇಲ್ಲಿ ಅವರ ಲೇಖನಿ ನಡುಗುತ್ತದೆ, ನಡುಗಲೇಬೇಕು. ಆದರೆ ಎದುರಿಗಿರುವವರು ಮನುಷ್ಯರೇ ಅಲ್ಲ ಎಂದು ಅವರು ತೀರ್ಮಾನಿಸಿದ ಕೂಡಲೇ ಅತ್ಯಂತ ಅಗತ್ಯವಾದ ಪ್ರಶ್ನೆಯೊಂದು ಕೈಬಿಟ್ಟುಹೋಗುತ್ತದೆ. ಇಂಥವರು ಹೇಗೆ ತಯಾರಾದರು? ಹಂತಕ ಪಡೆಯ ಮುಖಂಡರಲ್ಲಿ ಒಬ್ಬ ಬ್ಯಾಂಕ್ ಅಧಿಕಾರಿ. ದ್ವೇಷದ ರೇಡಿಯೋ ಸ್ಥಾಪಿಸಿದವರಲ್ಲೊಬ್ಬ ಇತಿಹಾಸದ ಪ್ರಾಧ್ಯಾಪಕ. ಅಂತರರಾಷ್ಟ್ರೀಯ ನ್ಯಾಯಮಂಡಳಿಯು 1998ರಲ್ಲಿ ಜನಾಂಗಹತ್ಯೆಯ ಅಪರಾಧಿಯೆಂದು ಮೊಟ್ಟಮೊದಲು ತೀರ್ಪಿತ್ತದ್ದು ಜಾನ್ ಪಾಲ್ ಅಕಯೆಸು ಎಂಬಾತನ ಮೇಲೆ. ಆತ ಶಾಲಾಮಾಸ್ತರನಾಗಿದ್ದು ಟಾಬಾ ಎಂಬ ಊರಿನ ಆಡಳಿತಾಧಿಕಾರಿಯಾದವನು. ನಮ್ಮ ಊರುಗಳಲ್ಲಾದರೆ ಜನ ಇಂತಹವರಿಗೆ ಎದ್ದುನಿಂತು ನಮಸ್ಕರಿಸುತ್ತಾರೆ.

ಬಲಿಪೂಜೆಯ ಆರಂಭದ ಪಾಪನಿವೇದನೆಯಲ್ಲಿ ನಾವು ನಾಲ್ಕು ಬಗೆಯ ಪಾಪಗಳನ್ನು ಹೇಳಿಕೊಳ್ಳುತ್ತೇವೆ. ಆಲೋಚನೆ, ಮಾತು, ಕ್ರಿಯೆಗಳ ನಂತರ ನಾಲ್ಕನೆಯದಾಗಿ ಕರ್ತವ್ಯಲೋಪ ಬರುತ್ತದೆ. ಬಾಯಿಪಾಠದ ವೇಗದಲ್ಲಿ ಅದು ಹಾರಿಹೋಗುವುದೂ ಉಂಟು. ಡಲೇರ್ ಬರೆದಿರುವುದು ಈ ನಾಲ್ಕನೆಯ ಪಾಪದ ಇತಿಹಾಸವನ್ನು. ಅದಕ್ಕೆ ಸೈತಾನನ ಹೆಸರಿಟ್ಟರೆ ತಪ್ಪಿತಸ್ಥರಿಗೆ ಅನುಕೂಲವೇ ಆಗುತ್ತದೆ. ಸೈತಾನನನ್ನು ತಡೆಯಲು ಯಾವ ಇಲಾಖೆಗೆ ತಾನೇ ಸಾಧ್ಯ?

ಪುಸ್ತಕದ ಮತ್ತೊಂದು ಕೊರತೆಯನ್ನೂ ಹೇಳಬೇಕು. ರುವಾಂಡಾದ ಕಥೆಯಲ್ಲಿ ರುವಾಂಡಾದವರ ದನಿ ಕಡಿಮೆ. ಲೇಖಕರ ಯಾತನೆ, ಅವರ ಮುಂದಿನ ಮಾನಸಿಕ ಕುಸಿತ, ಆತ್ಮಹತ್ಯೆಯ ಯತ್ನಗಳು, ಎಲ್ಲವೂ ಸತ್ಯ, ಎಲ್ಲವೂ ಗೌರವಾರ್ಹ. ಆದರೂ ಓದಿ ಮುಗಿಸಿದಾಗ ನೆನಪಿನಲ್ಲಿ ನಿಲ್ಲುವುದು ಒಬ್ಬ ಬಿಳಿಯ ಸೇನಾಪತಿಯ ಮುಖ. ಆಜ್ಞೆಯನ್ನೂ ಮೀರಿ ಹಿಂದೆ ಉಳಿದ ಘಾನಾದ ಸೈನಿಕರಿಗೆ, ತಪಾಸಣಾ ಗೇಟುಗಳಲ್ಲಿ ನಗುಮೊಗದಿಂದ ಮಾತನಾಡುತ್ತಲೇ ನೂರಾರು ಜನರನ್ನು ಪಾರುಮಾಡಿ ಮೇ 31ರಂದು ಪ್ರಾಣ ತೆತ್ತ ಸೆನೆಗಲ್‌ನ ಕ್ಯಾಪ್ಟನ್ ಎಂಬಾಯ್ ಡಿಯಾನ್ಯೆ ಅವರಿಗೆ ಇನ್ನಷ್ಟು ಪುಟಗಳು ಸಲ್ಲಬೇಕಿತ್ತು. ಐದು ಸಾವಿರ ಸಮರ್ಥ ಸೈನಿಕರಿದ್ದಿದ್ದರೆ ಹತ್ಯಾಕಾಂಡವನ್ನು ತಡೆಯಬಹುದಿತ್ತೆಂಬ ಡಲೇರ್ ಅವರ ಮಾತನ್ನು ಕೆಲವು ತಜ್ಞರು ಒಪ್ಪಿದರೆ ಕೆಲವರು ಒಪ್ಪುವುದಿಲ್ಲ. ನನಗೆ ಆ ಚರ್ಚೆ ಅಷ್ಟು ಮುಖ್ಯವಾಗಿ ಕಾಣುವುದಿಲ್ಲ. ಎಲ್ಲರನ್ನೂ ಉಳಿಸಲಾಗದು ಎಂಬುದು ಯಾರನ್ನೂ ಉಳಿಸದಿರಲು ಕಾರಣವಾಗದು; ಆ ತಾಂತ್ರಿಕ ಶಾಲೆಯ ಗೇಟಿಗೆ ಐದು ಸಾವಿರ ಸೈನಿಕರ ಅಗತ್ಯವಿರಲಿಲ್ಲ.

ಡಲೇರ್ ಬಹುತೇಕ ಮುಟ್ಟದೆ ಬಿಟ್ಟ ವಿಷಯವೆಂದರೆ ಅಭಿವೃದ್ಧಿ. ನರಮೇಧಕ್ಕೆ ಮುಂಚಿನ ವರ್ಷಗಳಲ್ಲಿ ರುವಾಂಡಾ ನೆರವು ನೀಡುವ ಸಂಸ್ಥೆಗಳ ಅಚ್ಚುಮೆಚ್ಚಿನ ದೇಶವಾಗಿತ್ತು. ಒಳ್ಳೆಯ ರಸ್ತೆ, ಶಿಸ್ತಿನ ಆಡಳಿತ, ಲೆಕ್ಕಪತ್ರಗಳಲ್ಲಿ ಅಚ್ಚುಕಟ್ಟು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಕುಸಿದು ಬೆಲೆ ನೆಲಕಚ್ಚಿತು. ಚಿಕ್ಕಮಗಳೂರು, ಕೊಡಗುಗಳ ಹಿರಿಯ ಬೆಳೆಗಾರರಿಗೆ ಆ ಒಪ್ಪಂದದ ಹೆಸರು ಹೊಸದಲ್ಲ. ರಫ್ತಿನ ಆದಾಯಕ್ಕೆ ಹೆಚ್ಚಾಗಿ ಕಾಫಿಯನ್ನೇ ನಂಬಿದ್ದ ರುವಾಂಡಾದ ಸಣ್ಣ ರೈತನಿಗೆ ಅದು ದೊಡ್ಡ ಪೆಟ್ಟಾಯಿತು. 1990ರಲ್ಲಿ ಸಾಲದಾತ ಸಂಸ್ಥೆಗಳ ಕಾರ್ಯಕ್ರಮದಡಿ ನಾಣ್ಯದ ಮೌಲ್ಯವನ್ನೂ ಇಳಿಸಲಾಯಿತು. ಬಡವನ ಬದುಕು ಮತ್ತಷ್ಟು ದುಬಾರಿಯಾಯಿತು. ಇದೇ ಹತ್ಯೆಗೆ ಕಾರಣ ಎನ್ನುವುದು ಸರಳೀಕರಣವಾದೀತು. ಕಾಫಿ ಬೆಲೆ ಬಿದ್ದ ದೇಶಗಳೆಲ್ಲ ನರಮೇಧ ನಡೆಸಲಿಲ್ಲ. ಆದರೆ ಪೀಟರ್ ಉವಿನ್ ಎಂಬ ವಿದ್ವಾಂಸರು 1998ರ ತಮ್ಮ ಗ್ರಂಥದಲ್ಲಿ ಎತ್ತಿದ ಪ್ರಶ್ನೆ ಇಂದಿಗೂ ಮೊನಚಾಗಿದೆ. ಬೆಲ್ಜಿಯಂ ಆಳ್ವಿಕೆಯಲ್ಲಿ 1930ರ ದಶಕದಲ್ಲಿ ಆರಂಭವಾದ, ಪ್ರತಿಯೊಬ್ಬನೂ ಹುಟುವೋ ಟುಟ್ಸಿಯೋ ಎಂದು ಬರೆದ ಗುರುತುಚೀಟಿ 1994ರವರೆಗೂ ಚಾಲ್ತಿಯಲ್ಲಿತ್ತು. ಅಷ್ಟೊಂದು ನೆರವು ಕೊಟ್ಟವರು ಆ ಒಂದು ಸಾಲನ್ನು ಅಳಿಸಬೇಕೆಂದು ಪಟ್ಟುಹಿಡಿಯಲಿಲ್ಲ. ಜನ ಬದುಕಬೇಕೋ ಸಾಯಬೇಕೋ ಎಂದು ರಸ್ತೆ ತಪಾಸಣೆಯಲ್ಲಿ ನಿರ್ಧಾರವಾದದ್ದು ಆ ಚೀಟಿಯನ್ನು ನೋಡಿ. ಗೋಧಿ ಬೆಳೆ, ಹಾಲಿನ ಡೇರಿ, ಲಸಿಕೆಗಳ ಅಂಕಿಅಂಶಗಳಲ್ಲಿ ಮನುಷ್ಯನ ಘನತೆಗೆ ಒಂದು ಕಾಲಂ ಇರಲಿಲ್ಲ. ಜಗದ್ಗುರು ಆರನೇ ಪೌಲರು 1967ರಲ್ಲೇ ಅಭಿವೃದ್ಧಿಯೆಂದರೆ ಇಡೀ ಮನುಷ್ಯನ ಅಭಿವೃದ್ಧಿಯೆಂದು ಜಗತ್ತಿಗೆ ಬರೆದು ತಿಳಿಸಿದ್ದರು.

ಇಲ್ಲಿ ನಾವು, ಧರ್ಮಸಭೆಯವರು, ಇತರರತ್ತ ಬೆರಳು ತೋರಿಸಿ ಸುಮ್ಮನಾಗಲಾರೆವು. ಆಗ ರುವಾಂಡಾದ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಥೋಲಿಕರಾಗಿದ್ದರು. ಕಿಗಾಲಿಯ ಮಹಾಧರ್ಮಾಧ್ಯಕ್ಷರು ಆಳುವ ಪಕ್ಷದ ಕೇಂದ್ರ ಸಮಿತಿಯಲ್ಲಿ ವರ್ಷಗಟ್ಟಲೆ ಸದಸ್ಯರಾಗಿದ್ದರು. 1994ರ ಜೂನ್‌ನಲ್ಲಿ ಟುಟ್ಸಿ ಬಂಡಾಯ ಪಡೆಯ ಸೈನಿಕರ ಕೈಯಲ್ಲಿ ಇನ್ನಿಬ್ಬರು ಧರ್ಮಾಧ್ಯಕ್ಷರೊಡನೆ ಅವರೂ ಹತರಾದರು. ಆಶ್ರಯ ಬೇಡಿ ಜನ ದೇವಾಲಯಗಳಿಗೆ ಓಡಿದರು. ಎನ್‌ತರಾಮಾ, ನ್ಯಾಮಾತಾಗಳ ದೇವಾಲಯಗಳು ಇಂದು ಸಾವಿನ ಸ್ಮಾರಕಗಳಾಗಿವೆ. ನ್ಯಾಂಗೆ ಎಂಬ ಧರ್ಮಕೇಂದ್ರದಲ್ಲಿ ದೇವಾಲಯದೊಳಗಿದ್ದ ಸುಮಾರು 1,500 ಜನರ ಮೇಲೆ ಬುಲ್ಡೋಜರ್ ಹರಿಸಿ ಗೋಡೆಗಳನ್ನು ಕೆಡವಲಾಯಿತು. ಅಲ್ಲಿನ ಗುರು ಅಥನಾಸ್ ಸೆರೊಂಬಾ ಅವರಿಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿ 2006ರಲ್ಲಿ 15 ವರ್ಷಗಳ ಶಿಕ್ಷೆ ವಿಧಿಸಿತು. 2008ರ ಮೇಲ್ಮನವಿಯಲ್ಲಿ ಅದು ಜೀವಾವಧಿಯಾಯಿತು. ನಾನು ಧರಿಸುವ ನಿಲುವಂಗಿಯನ್ನೇ ಅವರೂ ಧರಿಸಿದ್ದರು. ಅವರೂ ಗುರುಮಠದಲ್ಲಿ ನೀತಿಶಾಸ್ತ್ರದ ಪರೀಕ್ಷೆ ಬರೆದವರೇ. ಇನ್ನೊಂದು ಕಡೆ, ಏಪ್ರಿಲ್ 7ರ ಬೆಳಿಗ್ಗೆಯೇ ಕಿಗಾಲಿಯಲ್ಲಿ ಯೇಸುಸಭೆಯ ಕ್ರಿಸ್ತುಸ್ ಕೇಂದ್ರದಲ್ಲಿ ಗುರುಗಳೂ ಮಹಿಳೆಯರೂ ಸೇರಿ 17 ಮಂದಿ ಹತರಾದರು. ಗಿಸೆನ್ಯಿಯಲ್ಲಿ ಫೆಲಿಸಿತೆ ನಿಯಿತೆಗೆಕಾ ಎಂಬ ಹುಟು ಮಹಿಳೆ ತನ್ನ ಆಶ್ರಯದಲ್ಲಿದ್ದವರನ್ನು ಬಿಟ್ಟು ಹೊರಡಲು ಒಪ್ಪಲಿಲ್ಲ; ಸೇನಾಧಿಕಾರಿಯಾಗಿದ್ದ ಅಣ್ಣನೇ ಪಾರುಮಾಡಲು ಸಿದ್ಧನಿದ್ದರೂ ಅವರೊಡನೆಯೇ ಸತ್ತಳು. ಜ್ಞಾನಸ್ನಾನ ಒಂದೇ, ಫಲ ಮಾತ್ರ ಇಷ್ಟು ಬೇರೆ. ನಮ್ಮ ಧರ್ಮಕೇಂದ್ರಗಳಲ್ಲಿ ಮದುವೆ ಸಂಬಂಧ ಕೂಡಿಸುವಾಗ ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ ಯಾವುದೆಂದು ಬಲ್ಲವರು ಇಲ್ಲಿ ಒಂದು ಕ್ಷಣ ನಿಲ್ಲಬಹುದು.

ಜಗದ್ಗುರು ಎರಡನೇ ಜಾನ್ ಪೌಲರು 1996ರಲ್ಲಿ, ಶುಭಸಂದೇಶಕ್ಕೆ ವಿರುದ್ಧವಾಗಿ ನಡೆದ ಸದಸ್ಯರ ತಪ್ಪಿಗೆ ಧರ್ಮಸಭೆಯನ್ನು ಹೊಣೆಮಾಡಲಾಗದು ಎಂದರು. 2016ರ ನವೆಂಬರ್‌ನಲ್ಲಿ ರುವಾಂಡಾದ ಧರ್ಮಾಧ್ಯಕ್ಷರು ಕ್ಷಮೆ ಕೋರಿದರು. 2017ರ ಮಾರ್ಚ್‌ನಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಧರ್ಮಸಭೆಯ ಮತ್ತು ಅದರ ಸದಸ್ಯರ ಪಾಪಗಳಿಗಾಗಿ ದೇವರ ಕ್ಷಮೆ ಬೇಡಿದರು. ಆ ಒಂದು ಹೆಜ್ಜೆಗೆ 21 ವರ್ಷ ಬೇಕಾದವು. ವಿಶ್ವಸಂಸ್ಥೆ ಸ್ವೀಡನ್ನಿನ ಮಾಜಿ ಪ್ರಧಾನಿ ಇಂಗ್ವಾರ್ ಕಾರ್ಲ್‌ಸನ್ ಅವರ ನೇತೃತ್ವದಲ್ಲಿ ವಿಚಾರಣೆ ನಡೆಸಿ 1999ರಲ್ಲೇ ತನ್ನ ವೈಫಲ್ಯವನ್ನು ಅಚ್ಚುಹಾಕಿತ್ತು ಎಂಬುದನ್ನು ನಾವು ಗಮನಿಸದಿರಲಾಗದು.

ರುವಾಂಡಾ ಮತ್ತು 1995ರ ಸ್ರೆಬ್ರೆನಿಕಾಗಳ ಪಾಠದಿಂದ ಹುಟ್ಟಿದ್ದು 'ರಕ್ಷಿಸುವ ಹೊಣೆ' ಎಂಬ ತತ್ವ. ಸಾರ್ವಭೌಮತ್ವವೆಂದರೆ ಪ್ರಜೆಗಳನ್ನು ಕಾಯುವ ಹೊಣೆ. ಸರ್ಕಾರ ಅದರಲ್ಲಿ ಸೋತರೆ ಜಗತ್ತು ಮುಂದೆ ಬರಬೇಕು. 2001ರ ಆಯೋಗವೊಂದು ಹೀಗೆ ಹೇಳಿತು, 2005ರ ವಿಶ್ವ ಶೃಂಗಸಭೆ ಒಪ್ಪಿತು, ಜಗದ್ಗುರು ಹದಿನಾರನೇ ಬೆನೆಡಿಕ್ಟರು 2008ರಲ್ಲಿ ವಿಶ್ವಸಂಸ್ಥೆಯಲ್ಲೇ ಅದನ್ನು ಎತ್ತಿಹಿಡಿದರು. ತತ್ವ ಸುಂದರ. ಅದರ ಪರೀಕ್ಷೆ ನಡೆದದ್ದು 2011ರಲ್ಲಿ, ಲಿಬಿಯಾದಲ್ಲಿ. ಮಾರ್ಚ್ 17ರ ನಿರ್ಣಯ ನಾಗರಿಕರ ರಕ್ಷಣೆಗೆ ಬಲಪ್ರಯೋಗವನ್ನು ಒಪ್ಪಿತು. ಆಗ ಮಂಡಳಿಯಲ್ಲಿದ್ದ ಭಾರತ ಮತದಾನದಿಂದ ದೂರ ಉಳಿಯಿತು. ನಾಗರಿಕರ ರಕ್ಷಣೆಯೆಂದು ಶುರುವಾದ ನೇಟೋ ಬಾಂಬ್ ದಾಳಿ ಸರ್ಕಾರವನ್ನು ಉರುಳಿಸುವಲ್ಲಿಗೆ ಮುಟ್ಟಿತು. ಅಕ್ಟೋಬರ್‌ನಲ್ಲಿ ಗಡ್ಡಾಫಿ ಹತನಾದ. ಆಮೇಲೆ ಆ ದೇಶವನ್ನು ಕಟ್ಟುವ ಹೊಣೆ ಯಾರದೂ ಆಗಲಿಲ್ಲ. ಒಂದೇ ನಾಡಿಗೆ ಎರಡು ಸರ್ಕಾರಗಳು, ಬಂದೂಕು ಹಿಡಿದ ಗುಂಪುಗಳು, ಸೆರೆಮನೆಗಳಲ್ಲಿ ಕೊಳೆಯುವ ವಲಸಿಗರು. ಸಿರಿಯಾದ ಸರದಿ ಬಂದಾಗ ಲಿಬಿಯಾವನ್ನು ತೋರಿಸಿ ರಷ್ಯಾ, ಚೀನಾಗಳು ವೀಟೋ ಚಲಾಯಿಸಿದವು. ಸಮಾರಿಯದವನ ಸಾಮತಿಯಲ್ಲಿ ಗಾಯಾಳುವಿಗೆ ಎಣ್ಣೆ ಸವರಿದರಷ್ಟೇ ಮುಗಿಯುವುದಿಲ್ಲ. ಅವನನ್ನು ಛತ್ರಕ್ಕೆ ಕರೆದೊಯ್ದು, ಹಣ ಕೊಟ್ಟು, ಮತ್ತೆ ಬರುತ್ತೇನೆಂದು ಹೇಳಿ ಹೋಗುವ ಭಾಗವೂ ಅದರಲ್ಲಿದೆ. ರುವಾಂಡಾದಲ್ಲಿ ಜಗತ್ತು ಪಕ್ಕದ ದಾರಿ ಹಿಡಿದು ಹೋದ ಯಾಜಕನಾಯಿತು. ಲಿಬಿಯಾದಲ್ಲಿ ಕಳ್ಳರನ್ನು ಹೊಡೆದು, ಗಾಯಾಳುವನ್ನು ಅಲ್ಲೇ ಬಿಟ್ಟು, ತನ್ನ ಕತ್ತೆಯನ್ನೇರಿ ಹೊರಟಿತು.

ಇಂದಿನ ರುವಾಂಡಾ ಮತ್ತೆ ಅಭಿವೃದ್ಧಿಯ ಮಾದರಿಯೆಂಬ ಹೊಗಳಿಕೆಗೆ ಪಾತ್ರವಾಗಿದೆ. ಗುರುತುಚೀಟಿಯಿಂದ ಜನಾಂಗದ ಸಾಲು ಅಳಿದಿದೆ, ಕಿಗಾಲಿಯ ಬೀದಿಗಳ ಸ್ವಚ್ಛತೆ ಜಗತ್ಪ್ರಸಿದ್ಧ, ಆರೋಗ್ಯ ಸೇವೆ ನಿಜಕ್ಕೂ ಸುಧಾರಿಸಿದೆ. 2024ರ ಜುಲೈನಲ್ಲಿ ಅಧ್ಯಕ್ಷ ಪಾಲ್ ಕಗಾಮೆ ಶೇಕಡಾ 99ರಷ್ಟು ಮತ ಪಡೆದು ಮರುಆಯ್ಕೆಯಾದರು. ಅಷ್ಟು ಮತ ಬೀಳುವ ಚುನಾವಣೆಯ ಬಗ್ಗೆ ನಾನು ಬೇರೆ ಹೇಳಬೇಕಾಗಿಲ್ಲ. 2025ರ ಜನವರಿಯಲ್ಲಿ ನೆರೆಯ ಕಾಂಗೋದ ಗೋಮಾ ನಗರವನ್ನು ವಶಪಡಿಸಿಕೊಂಡ ಎಂ23 ಬಂಡುಕೋರರಿಗೆ ರುವಾಂಡಾದ ಬೆಂಬಲವಿದೆಯೆಂದು ವಿಶ್ವಸಂಸ್ಥೆಯ ತಜ್ಞರೇ ವರದಿ ಮಾಡಿದ್ದಾರೆ. ಕಿಗಾಲಿ ಅದನ್ನು ನಿರಾಕರಿಸುತ್ತದೆ. 1994ರ ಅಪರಾಧಪ್ರಜ್ಞೆಯಿಂದ ಬಹುಕಾಲ ಬಾಯಿ ಕಟ್ಟಿಕೊಂಡಿದ್ದ ದಾನಿ ದೇಶಗಳಲ್ಲಿ ಕೆಲವು 2025ರಲ್ಲಿ ನೆರವಿಗೆ ಕತ್ತರಿ ಹಾಕತೊಡಗಿದವು. ಅಚ್ಚುಕಟ್ಟಾದ ಲೆಕ್ಕಪತ್ರಗಳನ್ನು ನೋಡಿ ಮೆಚ್ಚಿದ ಕಣ್ಣುಗಳು ಇನ್ನೇನನ್ನೋ ನೋಡದೆ ಹೋಗುವುದು ಆ ನಾಡಿನಲ್ಲಿ ಇದು ಎರಡನೆಯ ಸಲ.

ಇಂಗ್ಲಿಷ್ ಬಲ್ಲ ನಿಮ್ಮ ಮನೆಯ ಕಾಲೇಜು ಮಕ್ಕಳ ಕೈಗೆ ಈ ಪುಸ್ತಕ ಕೊಡಿ. ಮೊದಲಿನ ಅಧ್ಯಾಯಗಳಲ್ಲಿ ಬರುವ ಲೇಖಕರ ಬಾಲ್ಯ ಮತ್ತು ಸೇನಾಜೀವನವನ್ನು ಬೇಗ ದಾಟಿದರೆ ನಷ್ಟವಿಲ್ಲ. ಜನವರಿ 11ರಿಂದ ಏಪ್ರಿಲ್ ಕೊನೆಯವರೆಗಿನ ಪುಟಗಳನ್ನು ನಿಧಾನವಾಗಿ ಓದಲಿ. ಡಲೇರ್ 1994ರ ಆಗಸ್ಟ್‌ನಲ್ಲಿ ರುವಾಂಡಾ ಬಿಟ್ಟರು, ಅವರ ಕಥನ ಅಲ್ಲಿಗೆ ನಿಲ್ಲುತ್ತದೆ. ಹಾಗಾಗಿ 1997ರ ಮಾರ್ಚ್ 18ರ ರಾತ್ರಿಯ ಘಟನೆ ಅದರಲ್ಲಿಲ್ಲ. ಬುಲ್ಡೋಜರ್ ಹರಿದ ಅದೇ ನ್ಯಾಂಗೆಯಲ್ಲಿ, ಶಾಲೆಯೊಂದಕ್ಕೆ ನುಗ್ಗಿದ ಬಂದೂಕುಧಾರಿಗಳು ಹುಟುಗಳು ಒಂದು ಕಡೆ, ಟುಟ್ಸಿಗಳು ಇನ್ನೊಂದು ಕಡೆ ನಿಲ್ಲಿ ಎಂದು ಮಕ್ಕಳಿಗೆ ಆಜ್ಞಾಪಿಸಿದರು. ನಾವೆಲ್ಲರೂ ರುವಾಂಡಾದವರು ಎಂದು ವಿದ್ಯಾರ್ಥಿಗಳು ಕುಳಿತಲ್ಲಿಂದ ಏಳಲಿಲ್ಲ. ಅವರಲ್ಲಿ ಹಲವರು ಅಂದು ಪ್ರಾಣ ತೆತ್ತರು, ಇನ್ನೂ ಅನೇಕರು ಗಾಯಗೊಂಡರು.